ಕಾಣೆಯಾದ ಮುನ್ನೂರ ಏಳು ಇಂಜಿನ್ನು

ರೈಲಿನ ವಿಷಯದಲ್ಲಿ ನನ್ನಷ್ಟು ತಿಳಿದೋರು ಈ ಊರಲ್ಲಿ ಹುಡುಕಿದ್ರೂ ಸಿಗಲ್ಲ. ಒಂದು ಕಾಲಕ್ಕೆ ಇಲ್ಲಿನ ಲೈನ್ ಮೇಲೆ ಮುನ್ನೂರ ಹನ್ನೊಂದು ಇಂಜಿನ್ನು ಓಡಾಡಿದ್ವು, ಅಷ್ಟರ ನಂಬರೂ ನನಗೆ ಬಾಯಿಪಾಠ. ಮಲಗಿದ್ದೋಳನ್ನ ಎಬ್ಬಿಸಿ ಕೇಳಿ, ಒಂದು ಬಿಡದೆ ಹೇಳ್ತೀನಿ. ಸರಿ, ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ಈಗಲೇ ಹೇಳಿಬಿಟ್ರೆ ನೀವು ಎದ್ದು ಹೋಗ್ತೀರಿ, ನನಗೆ ಮಾತಾಡೋಕೆ ಗೋಡೆ ಮಾತ್ರ ಉಳಿಯುತ್ತೆ. ಗೋಡೆಗೂ ಕಿವಿ ಇದೆ ಅಂತಾರೆ, ಆದ್ರೆ ಅದು ‘ಹೂಂ’ ಅನ್ನಲ್ಲ ನೋಡಿ.

ಕಥೆ ನಂಬರಪ್ಪಂದು. ನಂಬರಪ್ಪ ಅಂದ್ರೆ ದೊಡ್ಡ ಬೀದಿ ಮೂಲೇಲಿ ಗಡಿಯಾರ ರಿಪೇರಿ ಮಾಡ್ತಾನಲ್ಲ, ಅವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಅವನ ಹೆಂಡತಿಗೂ ಮರೆತುಹೋಗಿದೆ. ಅರವತ್ತು ದಾಟಿದೆ. ಬೇಳೆಕಾಳಿನಷ್ಟು ಸಣ್ಣ ಚಕ್ರ ಇಕ್ಕಳದಲ್ಲಿ ಹಿಡಿದು ಕೂರಿಸ್ತಾನೆ, ಕೈ ನಡುಗಲ್ಲ. ಕನ್ನಡಕ ತೆಗೆದ್ರೆ ಮಾತ್ರ ಎದುರಿಗೆ ನಿಂತದ್ದು ಗಿರಾಕಿಯೋ ಬಾಗಿಲೋ ಗೊತ್ತಾಗಲ್ಲ. ಒಂದು ಸಲ ಬಾಗಿಲಿಗೆ ‘ನಾಳೆ ಬನ್ನಿ’ ಅಂದಿದ್ದ.

ಆ ಹೆಸರು ಅಂಟಿಕೊಂಡದ್ದು ಒಂಬತ್ತನೇ ವಯಸ್ಸಲ್ಲಿ. ಅವರ ಹಿತ್ತಲಿಗೂ ರೈಲ್ವೆ ಲೈನಿಗೂ ನಡುವೆ ಒಂದೇ ಒಂದು ಗೋಡೆ. ಗಾಡಿ ಬಂದ್ರೆ ಅಡುಗೆಮನೆ ಲೋಟಗಳು ಒಂದಕ್ಕೊಂದು ಮಾತಾಡ್ಕೊಳ್ಳೋವು, ಅಪ್ಪನ ಹಲ್ಲಿನ ಸೆಟ್ಟು ಬಟ್ಟಲಲ್ಲಿ ಈಜಾಡೋದು. ದಿನಾ ಸಾಯಂಕಾಲ ನಾಲ್ಕು ಹತ್ತಕ್ಕೆ ಒಂದು ಗಾಡಿ, ಕಲ್ಲಿದ್ದಲ ಇಂಜಿನ್ನು. ಅದು ಹಾದುಹೋಯ್ತು ಅಂದ್ರೆ ಒಣಗಿಸಿದ ಬಟ್ಟೆಗೆಲ್ಲ ಮಸಿ. ಅದಕ್ಕೇ ಅವನ ಅಕ್ಕನಿಗೆ ಒಂದು ಕೆಲಸ ಗೊತ್ತು ಮಾಡಿದ್ರು. ನಾಲ್ಕಕ್ಕೆ ಸರಿಯಾಗಿ ಹಗ್ಗದ ಮೇಲಿನ ಬಟ್ಟೆ ಎಣಿಸಿ ಎಳೆದು ಒಳಗೆ ಹಾಕಬೇಕು, ಆಮೇಲೆ ಗೋಡೆ ಹತ್ತಿ ಹಗ್ಗದ ತುದಿ ಬಿಚ್ಚಬೇಕು. ಹತ್ತಿದೋಳು ಗಾಡಿ ಹೋಗೋವರೆಗೂ ಇಳೀತಿರ್ಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ, ಗೋಡೆ ಮೇಲಿಂದ ಲೋಕ ಚೆನ್ನಾಗಿ ಕಾಣ್ತಿತ್ತು. ಚೆಲುವೆ ಅಂತ ಊರೆಲ್ಲ ಅಂತಿತ್ತು. ಅದು ಈ ಕಥೆಗೆ ಬೇಕಾಗಿಲ್ಲ, ಆದ್ರೂ ಹೇಳಿದೆ.

ತಮ್ಮ ಗೋಡೆ ಕೆಳಗೆ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಕೊಂಡು ಕೂರೋನು. ದೊಡ್ಡ ಊರಲ್ಲಿ ಹುಡುಗರು ಇಂಜಿನ್ ನಂಬರ್ ಬರೆದುಕೊಳ್ತಾರೆ ಅಂತ ಯಾರೋ ಹೇಳಿದ್ರಂತೆ, ಹಿಡೀತು ಹುಚ್ಚು. ಗಾಡಿ ಗಡಗಡ ಅಂತ ಬಂದ ಕೂಡಲೇ, “ಅಕ್ಕ, ನಂಬರ್ ಹೇಳು” ಅನ್ನೋನು. ತಾನೇ ಹತ್ತಿ ನೋಡಬಹುದಿತ್ತಲ್ಲ ಅಂತೀರಿ. ನೋಡಿದ್ದ, ಕಂಡಿರಲಿಲ್ಲ. ಅವನ ಕಣ್ಣಿಗೆ ಮಾರು ದೂರ ಇದ್ದದ್ದೆಲ್ಲ ಕಲೆಸಿದ ಹಿಟ್ಟು. ಆದ್ರೆ ಅದು ರೋಗ ಅಂತ ಅವನಿಗೂ ಗೊತ್ತಿಲ್ಲ, ಮನೇಲಿ ಯಾರಿಗೂ ಗೊತ್ತಿಲ್ಲ. ದೂರದ್ದು ಕಾಣದೇ ಇರೋದಕ್ಕೇ ಅಲ್ವಾ ದೂರ ಅನ್ನೋದು, ಅಂದ್ಕೊಂಡಿದ್ದ. ಅಕ್ಕನಿಗೆ ಮಾತ್ರ ಕಾಣುತ್ತೆ, ಯಾಕಂದ್ರೆ ಅವಳು ಎತ್ತರ.

ಆ ಅಕ್ಕನ ಕಥೆ ಕೇಳಿ. ಅವಳು ಶಾಲೆಗೆ ಹೋದದ್ದು ಎರಡು ವರ್ಷ. ಅಂಕಿ ಬರೋದು, ಆದ್ರೆ ನಿಧಾನಕ್ಕೆ, ಬೆರಳಿಟ್ಟು ಓದಬೇಕು. ಓಡೋ ಇಂಜಿನ್ನಿಗೆ ಬೆರಳಿಡೋಕೆ ಆಗುತ್ತಾ? ಮೊದಲನೇ ಅಂಕಿ ಗುರುತು ಹಿಡಿಯೋಷ್ಟರಲ್ಲಿ ಕೊನೇ ಡಬ್ಬಿಯೂ ದಾಟಿ ಗಾರ್ಡನ ಬೆನ್ನು ಕಾಣ್ತಿತ್ತು. ಕೆಳಗೆ ತಮ್ಮ ಪೆನ್ಸಿಲ್ ನಾಲಿಗೆಗೆ ತಾಗಿಸ್ಕೊಂಡು ಕಾಯ್ತಾ ಇದ್ದಾನೆ. ‘ಓದೋಕೆ ಬರಲಿಲ್ಲ ಕಣೋ’ ಅನ್ನೋಕೆ ಅಕ್ಕನ ದೊಡ್ಡಸ್ತಿಕೆ ಬಿಡಲಿಲ್ಲ. ಆಗ ತಾನೇ ಬಟ್ಟೆ ಎಣಿಸಿ ಬಂದಿದ್ಲಲ್ಲ, ಆ ಲೆಕ್ಕ ತಲೇಲಿ ಬಿಸಿಬಿಸಿ ಇತ್ತು. ಎರಡು ಅಂಗಿ, ಐದು ಟವೆಲ್ಲು, ಮೂರು ಹೊದಿಕೆ. “ಇನ್ನೂರ ಐವತ್ತಮೂರು” ಅಂದ್ಲು. ತಮ್ಮ ಬರೆದುಕೊಂಡ. ಮಾರನೇ ದಿನ ನಾಲ್ಕು ಅಂಗಿ, ಒಂದು ಟವೆಲ್ಲು, ಆರು ಹೊದಿಕೆ. “ನಾನೂರ ಹದಿನಾರು.” ಅದನ್ನೂ ಬರೆದುಕೊಂಡ. ಒಂದು ಸುಳ್ಳು ಹೇಳೋದು ಕಷ್ಟ, ಮುನ್ನೂರು ಹೇಳೋದು ಅಭ್ಯಾಸ.

ಪ್ರತಿ ಸಾಲಲ್ಲಿ ತಾರೀಖು, ನಂಬರು. ಪಕ್ಕದ ಅಂಚಲ್ಲಿ ತನಗೇ ಅಂತ ಇನ್ನೇನೋ ಗೀಚ್ತಿದ್ದ. ಅದನ್ನ ಯಾರೂ ಓದೋಕೆ ಹೋಗಲಿಲ್ಲ.

ಇನ್ನೊಂದು ವಿಷಯ. ಅವರ ಗೋಡೆ ಹತ್ರ ಬಂದಾಗ ಡ್ರೈವರು ಸೀಟಿ ಹಾಕ್ತಿದ್ದ. ಮುಂದೆ ತಿರುವು ಇತ್ತು, ಅದಕ್ಕೆ. ನಂಬರಪ್ಪ ಮಾತ್ರ ತನಗೇ ಅಂತ ನಂಬಿದ್ದ. ಊಟ ಬಿಟ್ಟರೂ ಆ ಸೀಟಿ ಬಿಡ್ತಿರಲಿಲ್ಲ. ದೊಡ್ಡವನಾದ ಮೇಲೆ ಏನಾಗ್ತೀಯೋ ಅಂದ್ರೆ, ಡ್ರೈವರ್ ಅಂತಲೂ ಅನ್ನಲಿಲ್ಲ, ರಾಜ ಅಂತಲೂ ಅನ್ನಲಿಲ್ಲ. “ಒಂದೇ ಒಂದು ಸಲ ಆ ಸೀಟಿ ಹಗ್ಗ ಎಳೀಬೇಕು” ಅಂದಿದ್ದ. ಅಷ್ಟೇ ಆಸೆ. ಹದಿನೇಳಕ್ಕೆ ಗಡಿಯಾರದಂಗಡಿಗೆ ಸೇರಿದಾಗ ಯಜಮಾನರು ಇವನನ್ನ ನೋಡಿ ಕನ್ನಡಕ ಹಾಕಿಸಿದ್ರು. ಓಡಿಕೊಂಡು ಮನೆಗೆ ಬಂದ. ಅಕ್ಕನ್ನ ನೋಡಿ, “ನಿನ್ನ ಗಲ್ಲದ ಮೇಲೆ ಮಚ್ಚೆ ಯಾವಾಗ ಬಂತು?” ಅಂದ. ಆಮೇಲೆ ಗೋಡೆ ಹತ್ತಿ ಕೂತ. ನಾಲ್ಕು ಹತ್ತಕ್ಕೆ ಬಂದದ್ದು ಡೀಸೆಲ್ ಗಾಡಿ. ಕಲ್ಲಿದ್ದಲ ಇಂಜಿನ್ನು ನಿಂತು ಎಷ್ಟೋ ದಿನ ಆಗಿತ್ತು, ಅವನಿಗೂ ಗೊತ್ತಿತ್ತು, ಕನ್ನಡಕದ ಖುಷೀಲಿ ಮರೆತಿದ್ದ. ಅದು ಸೀಟಿ ಹಾಕಲಿಲ್ಲ, ಹಾರ್ನ್ ಹೊಡೀತು. ಅವನು ಇಳಿದು ಒಳಗೆ ಹೋದ.

ಹೀಗೆ ನಲವತ್ತೈದು ವರ್ಷ ಕಳೀತು. ಆ ನೋಟ್‌ಬುಕ್ಕನ್ನ ಅಂಗಡೀಲಿ ಗಡಿಯಾರದ ಜೊತೆ ಗಾಜಿನ ಪೆಟ್ಟಿಗೇಲಿ ಇಟ್ಟಿದ್ದ. ಬಂದ ಗಿರಾಕಿಗೆಲ್ಲ ಒಂದೇ ಮಾತು: “ಈ ಲೈನಿನ ಲೆಕ್ಕ ಪೂರ್ತಿ ಇದರಲ್ಲಿದೆ. ರೈಲ್ವೆಯೋರ ಹತ್ರಾನೂ ಇಷ್ಟು ಇಲ್ಲ.” ಗಿರಾಕಿ ಹೂಂ ಅಂದು ಗಡಿಯಾರ ಇಸ್ಕೊಂಡು ಹೋಗೋನು. ಅಷ್ಟಕ್ಕೇ ನಿಂತಿದ್ರೆ ಕಥೆಯೇ ಇರ್ತಿರ್ಲಿಲ್ಲ.

ಹೋದ ವರ್ಷ ಸ್ಟೇಷನ್ ಬಾಗಿಲಿಗೆ ಒಂದು ನೋಟಿಸು ಅಂಟಿಸಿದ್ರು. ಶೆಡ್ಡಲ್ಲಿ ಬಿದ್ದಿರೋ ಒಂದು ಹಳೇ ಇಂಜಿನ್ನಿಗೆ ಬಣ್ಣ ಹೊಡೆದು ಸ್ಟೇಷನ್ ಮುಂದೆ ನಿಲ್ಲಿಸ್ತಾರೆ, ಅದರ ನಂಬರ್ ಫಲಕ ಕಳೆದುಹೋಗಿದೆ, ಅದು ಯಾವ ಇಂಜಿನ್ನು ಅಂತ ಆಧಾರ ಸಮೇತ ಗುರುತಿಸಿದೋರ ಕೈಯಲ್ಲೇ ಮೊದಲ ಸೀಟಿ ಹಾಕಿಸ್ತಾರೆ, ಅಂತ.

ನಂಬರಪ್ಪ ನೋಟಿಸನ್ನ ಮೂರು ಸಲ ಓದಿದ. ನೋಟ್‌ಬುಕ್ ತೆಗೆದುಕೊಂಡು ಅಂಗಡಿ ಬಾಗಿಲು ಹಾಕದೇ ಓಡಿದ.

“ಇದರಲ್ಲಿ ಎಲ್ಲಾ ಇದೆ ಸ್ವಾಮಿ” ಅಂತ ರೈಲ್ವೆ ಆಫೀಸಿನ ಗುಮಾಸ್ತನ ಮುಂದೆ ಇಟ್ಟ.

ಗುಮಾಸ್ತ ಒಳ್ಳೆಯವನೇ. ಆದ್ರೆ ಕೆಲವರಿಗೆ ಸಿಹಿ ಕಂಡ್ರೆ ಆಗೋದು ಅವನಿಗೆ ಕಾಗದ ಕಂಡ್ರೆ ಆಗುತ್ತೆ. “ಬಿಟ್ಟು ಹೋಗಿ, ಪರಿಶೀಲನೆ ಮಾಡ್ತೀವಿ” ಅಂದ. ಎರಡು ದಿನ ಕೂತು ನೋಟ್‌ಬುಕ್ಕಲ್ಲಿ ಎಷ್ಟು ಬೇರೆ ಬೇರೆ ನಂಬರ್ ಇದೆ ಅಂತ ಎಣಿಸಿದ. ಮುನ್ನೂರ ಹನ್ನೊಂದು. ಆಮೇಲೆ ಬೀರು ತೆಗೆದು ರೈಲ್ವೆಯ ಹಳೇ ಪುಸ್ತಕ ನೋಡಿದ. ಈ ಲೈನಿಗೆ ಕೊಟ್ಟ ಇಂಜಿನ್ನು ನಾಲ್ಕು. ಮುನ್ನೂರ ಹನ್ನೊಂದರಲ್ಲಿ ನಾಲ್ಕು ಕಳೆದ. ಮುನ್ನೂರ ಏಳು ಉಳೀತು. ಮತ್ತೆ ಕಳೆದ. ಮತ್ತೂ ಮುನ್ನೂರ ಏಳೇ.

ಬೇರೆ ಯಾರಾದ್ರೂ ಆಗಿದ್ರೆ, ಯಾವನೋ ಹುಡುಗ ಏನೋ ಗೀಚಿದ್ದಾನೆ ಅಂತ ಪಕ್ಕಕ್ಕೆ ಇಡೋರು. ಗುಮಾಸ್ತನಿಗೆ ಬರೆದದ್ದೆಲ್ಲ ದಾಖಲೆ. ದಾಖಲೆ ಸುಳ್ಳಾಡಲ್ಲ. ಹಾಗಾದ್ರೆ ಮುನ್ನೂರ ಏಳು ಇಂಜಿನ್ನು ಎಲ್ಲಿ ಹೋದ್ವು? ಕೆಂಪು ಶಾಯೀಲಿ ‘ಕಾಣೆ’ ಅಂತ ಬರೆದು ದೊಡ್ಡ ಆಫೀಸಿಗೆ ಕಳಿಸಿದ. ನಂಬರಪ್ಪನ್ನ ಒಂದು ಮಾತು ಕೇಳೋಣ ಅಂತ ಅವನಿಗೆ ಹೊಳೀಲಿಲ್ಲ. ನೋಟ್‌ಬುಕ್ ಸಿಕ್ಕಿದ ಮೇಲೆ ಮನುಷ್ಯ ಯಾಕೆ?

ಬದಲಿಗೆ ನಂಬರಪ್ಪನ ಪಕ್ಕದ ಮನೆ ಬಾಗಿಲು ತಟ್ಟಿದ. ಅಲ್ಲಿರೋರು ಹಳೇ ಸ್ಟೇಷನ್ ಮಾಸ್ತರು, ರಿಟೈರ್ ಆಗಿ ಇಪ್ಪತ್ತು ವರ್ಷ, ವಯಸ್ಸು ಎಪ್ಪತ್ತೆಂಟು.

“ಮಾಸ್ತರೇ, ನೀವು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಲೈನ್ ಮೇಲೆ ಎಷ್ಟು ಇಂಜಿನ್ನು ಇದ್ವು?”

“ನಾಲ್ಕು.”

“ಉಳಿದ ಮುನ್ನೂರ ಏಳು?”

ಮಾಸ್ತರು ಚಹಾ ಲೋಟ ಕೆಳಗಿಟ್ರು. “ಯಾವ ಮುನ್ನೂರ ಏಳು?”

“ಅದನ್ನೇ ನಾವು ಕೇಳ್ತಿರೋದು. ಸೋಮವಾರ ವಿಚಾರಣೆ ಇದೆ. ದೊಡ್ಡ ಆಫೀಸಿಂದ ಆಫೀಸರಮ್ಮ ಬರ್ತಾರೆ. ರೈಲ್ವೆ ಸಾಮಾನು ಏನಾದ್ರೂ ನಿಮ್ಮ ಹತ್ರ ಇದ್ರೆ ಮೊದಲೇ ಹೇಳಿಬಿಡಿ.”

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ. ಮಾಸ್ತರ ನಡುಮನೇಲಿ ಒಂದು ಬೆಂಚು ಇತ್ತು. ತೇಗದ ಬೆಂಚು, ಬೆನ್ನ ಹಿಂದೆ ‘ಎರಡನೇ ದರ್ಜೆ ಪ್ರಯಾಣಿಕರಿಗೆ’ ಅಂತ ಕೊರೆದಿತ್ತು. ಇಪ್ಪತ್ತು ವರ್ಷದಿಂದ ಬಂದ ನೆಂಟರೆಲ್ಲ ಅದರ ಮೇಲೇ ಕೂತು ಹೋಗಿದ್ರು, ಒಬ್ಬರೂ ಕೇಳಿರಲಿಲ್ಲ. ಈಗ ಮಾಸ್ತರಿಗೆ ಆ ಬೆಂಚು ಕಣ್ಣು ಬಿಟ್ಟು ನೋಡಿದ ಹಾಗಾಯ್ತು.

ಮಟಮಟ ಮಧ್ಯಾಹ್ನ, ಬೀದೀಲಿ ಯಾರೂ ಇರಲ್ಲ ಅಂತ, ಒಂದು ತಳ್ಳುಗಾಡಿ ತರಿಸಿ, ಬೆಂಚಿಗೆ ಹೊದಿಕೆ ಮುಚ್ಚಿ ಸ್ಟೇಷನ್ ಕಡೆ ತಳ್ಕೊಂಡು ಹೊರಟರು. ಬೀದೀಲಿ ಯಾರೂ ಇರಲ್ಲ ಅನ್ನೋ ಹೊತ್ತಲ್ಲೇ ಊರಿನ ಹೆಂಗಸರೆಲ್ಲ ಬಾಗಿಲಲ್ಲಿ ಇರ್ತಾರೆ ಅಂತ ಗಂಡಸರಿಗೆ ಯಾವತ್ತು ತಿಳಿಯುತ್ತೋ.

“ಏನು ಮಾಸ್ತರೇ, ಬಿಸಿಲಲ್ಲಿ?” ಅಂದ್ಲು ನಂಬರಪ್ಪನ ಹೆಂಡತಿ.

“ಏನಿಲ್ಲಮ್ಮ. ಗಾಳಿ ಸೇವನೆ.”

“ಗಾಡಿಗೂ ಮಾಡಿಸ್ತಿದ್ದೀರಾ?”

ಮಾಸ್ತರು ಗಾಡಿ ತಿರುಗಿಸಿ ಬೆಂಚು ಸಮೇತ ವಾಪಸ್ ಮನೆಗೆ ಹೋದ್ರು. ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಯ್ತು. ಮಾಸ್ತರು ಇಂಜಿನ್ನುಗಳನ್ನ ಹೀಗೇ ಒಂದೊಂದಾಗಿ, ಹೊದಿಕೆ ಮುಚ್ಚಿ, ತಳ್ಳುಗಾಡೀಲಿ ಸಾಗಿಸಿಬಿಟ್ಟಿದ್ದಾರಂತೆ. ಮುನ್ನೂರ ಏಳು ಸಲ ತಳ್ಳೋಕೆ ಎಷ್ಟು ಶಕ್ತಿ ಬೇಕು, ಅದಕ್ಕೇ ಈಗ ಬೆನ್ನು ಬಾಗಿರೋದು, ಅಂದ್ರು. ಗುಜರಿ ಅಂಗಡಿಯವನು ಯಾರೂ ಕೇಳೋಕೆ ಮೊದಲೇ “ನನ್ನ ಹತ್ರ ಒಂದೂ ಇಲ್ಲ” ಅಂತ ಬಾಗಿಲು ಹಾಕ್ಕೊಂಡು ಮಾವನ ಮನೆಗೆ ಹೋದ. ಕೆರೆ ಹತ್ರ ಮನೆ ಇರೋರು, ರಾತ್ರಿ ನೀರೊಳಗಿಂದ ಹೊಗೆ ಬರುತ್ತೆ ಅಂದ್ರು. ಹೊಗೆ ಕಂಡೋರು ಆ ದಿನ ಹನ್ನೆರಡು ಜನ, ಮಾರನೇ ದಿನ ನಲವತ್ತು.

ಈ ಗಲಾಟೆಯೆಲ್ಲ ನಂಬರಪ್ಪನಿಗೆ ಹೇಗೆ ಕಂಡಿತು ಗೊತ್ತಾ? ತನ್ನ ಸೀಟಿಗೆ ಊರೇ ತಯಾರಾಗ್ತಿದೆ ಅಂತ. ಸೋಮವಾರ ಬನ್ನಿ ಅಂತ ಕಾಗದ ಬಂತಲ್ಲ, ಅದರಲ್ಲಿ ‘ವಿಚಾರಣೆ’ ಅಂತ ಇದ್ದದ್ದನ್ನ ಓದಿ, “ನೋಡು, ನನ್ನ ಬಗ್ಗೆ ವಿಚಾರಿಸ್ತಾರಂತೆ” ಅಂತ ಹೆಂಡತಿಗೆ ತೋರಿಸಿದ. ಇದ್ದ ಒಂದು ಹಳೇ ಕೋಟಿಗೆ ಹೊಸ ಗುಂಡಿ ಹೊಲಿಸಿದ. ಬಚ್ಚಲಲ್ಲಿ ಒಗೆದ ಬಟ್ಟೆ ನೇತುಹಾಕೋ ಕೊಂಡಿಗೆ ಹಗ್ಗ ಕಟ್ಟಿ ದಿನಾ ಬೆಳಿಗ್ಗೆ ಎಳೆದು ಎಳೆದು ಅಭ್ಯಾಸ ಮಾಡಿದ. ಎಳೆದಾಗಲೆಲ್ಲ ಬಾಯಲ್ಲೇ ‘ಕೂ’ ಅನ್ನೋನು.

“ಅತ್ತಿಗೆ, ಈ ಮನುಷ್ಯ ನಮ್ಮ ಮದುವೇಲೂ ಇಷ್ಟು ಆಸೆ ಪಟ್ಟಿರಲಿಲ್ಲ” ಅಂತ ಹೆಂಡತಿ ಅವನಕ್ಕನ ಹತ್ರ ಹೇಳಿದ್ಲು.

ಅಕ್ಕ ನಗಲಿಲ್ಲ. ಅವಳಿಗೆ ಮೂರು ದಿನದಿಂದ ಇರುವೆ ಬಿಟ್ಕೊಂಡ ಹಾಗಾಗಿತ್ತು. ಮುನ್ನೂರ ಏಳು ಎಲ್ಲಿಂದ ಬಂತು ಅಂತ ಭೂಮಿ ಮೇಲೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಹೇಳದಿದ್ರೆ ಪಕ್ಕದ ಮನೆ ಮುದುಕನ್ನ ಕಳ್ಳ ಮಾಡ್ತಾರೆ, ತಮ್ಮನ್ನ ಸುಳ್ಳುಗಾರ ಅಂತಾರೆ. ಹೇಳಿದ್ರೆ, ಇಷ್ಟು ವರ್ಷ ಗಾಜಿನ ಪೆಟ್ಟಿಗೇಲಿ ಇಟ್ಟು ಮೆರೆಸಿದ್ದು ಒಗೆದ ಬಟ್ಟೆ ಲೆಕ್ಕ ಅಂತಾಗುತ್ತೆ, ಸೀಟಿಯೂ ಹೋಗುತ್ತೆ. ಭಾನುವಾರ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಹೇಳೋಕೆ ಅಂತ ಬಂದ್ಲು. ಬಚ್ಚಲೊಳಗಿಂದ ‘ಕೂ’ ಅಂತ ಕೇಳಿಸ್ತು. ಬಾಗಿಲಲ್ಲೇ ನಿಂತು, “ಸ್ನಾನ ಆಯ್ತೇನೋ?” ಅಂತ ಕೇಳಿ ವಾಪಸ್ ಬಂದ್ಲು.

ಸೋಮವಾರ. ಸ್ಟೇಷನ್ನಿನ ದೊಡ್ಡ ಕೋಣೆ. ಆಫೀಸರಮ್ಮ ಮೂವತ್ತೈದರ ಹುಡುಗಿ, ಕೂದಲು ಬಿಗಿಯಾಗಿ ಕಟ್ಟಿದ್ಲು, ಮುಖವನ್ನೂ. ಪಕ್ಕದಲ್ಲಿ ಗುಮಾಸ್ತ. ಎದುರಿಗೆ ಮಾಸ್ತರು, ಪಾಪ, ಬೆಂಚನ್ನೂ ತಂದುಬಿಟ್ಟಿದ್ರು, ಅದರ ಮೇಲೇ ಕೂತಿದ್ರು. ನಂಬರಪ್ಪ ಕೋಟು ಹಾಕ್ಕೊಂಡು ಹಬ್ಬದ ಮುಖ ಮಾಡ್ಕೊಂಡಿದ್ದ.

“ಮುನ್ನೂರ ಏಳು ಇಂಜಿನ್ನು ಕಾಣೆ ಅಂತ ನನಗೆ ವರದಿ ಬಂದಿದೆ” ಅಂದ್ಲು ಆಫೀಸರಮ್ಮ. “ನನ್ನ ಕೆಲಸದಲ್ಲಿ ಕೀಲಿಕೈ ಕಳೆದದ್ದು ನೋಡಿದ್ದೀನಿ, ಲಾಟೀನು ಕಳೆದದ್ದು ನೋಡಿದ್ದೀನಿ. ಇಂಜಿನ್ನು ಇದೇ ಮೊದಲು. ಮಾಸ್ತರೇ, ಏನು ಹೇಳ್ತೀರಿ?”

“ಬೆಂಚು ನಂದೇ ತಪ್ಪು ತಾಯಿ. ಇಂಜಿನ್ನು ನಾನಲ್ಲ.”

ಬಾಗಿಲ ಹತ್ರ ನಿಂತಿದ್ದ ಅಕ್ಕ ಮುಂದೆ ಬಂದ್ಲು. “ಅವರನ್ನ ಬಿಟ್ಬಿಡಮ್ಮ. ಆ ಇಂಜಿನ್ನೆಲ್ಲ ನನ್ನ ಹತ್ರ ಇದ್ವು.”

ಗುಮಾಸ್ತ ಕೆಂಪು ಪೆನ್ನು ತೆಗೆದ. ಆಫೀಸರಮ್ಮ, “ಎಲ್ಲಿ?” ಅಂದ್ಲು.

“ಹಗ್ಗದ ಮೇಲೆ.”

 ಅಕ್ಕ ಎಲ್ಲಾ ಹೇಳಿದ್ಲು. ಗೋಡೆ, ಮಸಿ, ಬಟ್ಟೆ, ಎರಡು ವರ್ಷದ ಶಾಲೆ, ಓಡೋ ಗಾಡಿ. ಗುಮಾಸ್ತನಿಗೆ ನಂಬೋಕಾಗಲಿಲ್ಲ. ನೋಟ್‌ಬುಕ್ ತೆಗೆದು ಪರೀಕ್ಷೆಗೆ ನಿಂತ.

“ಮುನ್ನೂರ ಎಪ್ಪತ್ತೆರಡು?”

“ಮೂರು ಅಂಗಿ, ಏಳು ಟವೆಲ್ಲು, ಎರಡು ಹೊದಿಕೆ. ಮನೇಲಿ ನೆಂಟರಿದ್ರು.”

“ನೂರ ಒಂಬತ್ತು?”

“ಒಂದು ಅಂಗಿ, ಟವೆಲ್ಲಿಲ್ಲ, ಒಂಬತ್ತು ಹೊದಿಕೆ. ಆ ವಾರ ಇವನು ರಾತ್ರಿ ಹಾಸಿಗೇಲಿ…”

“ಅಕ್ಕ” ಅಂದ ನಂಬರಪ್ಪ.

“ಜ್ವರ ಬಂದು ಬೆವರ್ತಿದ್ದ ಅಂತ ಹೇಳೋಕೆ ಹೋದೆ ಕಣೋ.”

ಆಫೀಸರಮ್ಮನ ಮುಖದ ಗಂಟು ಒಂದು ಎಳೆ ಸಡಿಲ ಆಯ್ತು. “ಹಾಗಾದ್ರೆ ಇದು ರೈಲ್ವೆ ದಾಖಲೆ ಅಲ್ಲ. ಅಗಸರ ದಾಖಲೆ.” ಗುಮಾಸ್ತನ ಕಡೆ ತಿರುಗಿ, “ನಮ್ಮ ನಾಲ್ಕು ನಂಬರು ಇದರಲ್ಲಿ ಇವೆಯೇನ್ರೀ?” ಅಂದ್ಲು.

ಗುಮಾಸ್ತ ಹುಡುಕಿದ. “ಒಂದೂ ಇಲ್ಲ ಮೇಡಂ.”

“ಮತ್ತೆ ನಾಲ್ಕು ಯಾಕೆ ಕಳೆದಿರಿ?”

“ಲೆಕ್ಕ ಸರಿಯಾಗಿ ಬಂತು ಮೇಡಂ.”

ಎಲ್ಲರೂ ನಂಬರಪ್ಪನ ಕಡೆ ನೋಡಿದ್ರು. ಅವನ ಬಾಯಿ ಅರ್ಧ ತೆರೆದಿತ್ತು. ಕೊನೆಗೆ ಅಕ್ಕನ್ನ ಕೇಳಿದ: “ಅಂದ್ರೆ ದಿನಾ ನಂಬರ್ ಬದಲಾಯಿಸ್ತಿದ್ದದ್ದು ರೈಲ್ವೆಯೋರಲ್ವಾ? ನೀನಾ?”

“ರೈಲ್ವೆಯೋರು ಯಾಕ್ರೀ ಬದಲಾಯಿಸ್ತಾರೆ?” ಅಂದ್ಲು ಆಫೀಸರಮ್ಮ.

“ಐವತ್ತು ವರ್ಷದಿಂದ ನಾನೂ ಅದನ್ನೇ ಯೋಚಿಸ್ತಿದ್ದೀನಿ ಮೇಡಂ. ಕ್ಯಾಲೆಂಡರ್ ಹಾಳೆ ಹರಿದ ಹಾಗೆ ದಿನಕ್ಕೊಂದು ಹೊಸ ನಂಬರ್ ಬಳೀತಾರೆ ಅಂತ ತಿಳ್ಕೊಂಡಿದ್ದೆ. ಎಷ್ಟು ಬಣ್ಣ ದಂಡ ಅಂತ ಬೈಕೊಂಡೂ ಇದ್ದೆ. ಇದ್ದ ನಾಲ್ಕು ಇಂಜಿನ್ನಿಗೆ ಅಷ್ಟು ಆಡಂಬರ ಯಾಕೆ?”

“ತಡೀರಿ. ನಾಲ್ಕೇ ಅಂತ ನಿಮಗೆ ಹೇಗೆ ಗೊತ್ತು? ನಿಮಗೆ ಕಣ್ಣೇ ಕಾಣ್ತಿರಲಿಲ್ಲವಲ್ಲ.”

“ಕಿವಿ ಕೇಳ್ತಿತ್ತು. ಬರೆದಿದ್ದೀನಲ್ಲ, ಅಂಚಲ್ಲಿ.”

ಆಗ ಮೊದಲನೇ ಸಲ ಯಾರೋ ಆ ಅಂಚನ್ನ ಓದಿದ್ರು. ಪುಟದಿಂದ ಪುಟಕ್ಕೆ ನಾಲ್ಕೇ ಹೆಸರು, ಮತ್ತೆ ಮತ್ತೆ. ಕೆಮ್ಮಜ್ಜ. ಕುಂಟ. ಗೊರಕೆ. ಅತ್ತೆ. ಏರಲ್ಲಿ ಕೆಮ್ಮೋದು ಕೆಮ್ಮಜ್ಜ, ಮೂರು ಹೆಜ್ಜೆ ಸರಿ ಹಾಕಿ ನಾಲ್ಕನೇದು ಎಳೆಯೋದು ಕುಂಟ, ಗಾಳಿ ಬಿ‌ಡುವಾಗ ಗೊರ್ ಅನ್ನೋದು ಗೊರಕೆ. ಅತ್ತೆ ಅಂದ್ರೆ ಅವರ ಸೋದರತ್ತೆ, ಮಾತು ಶುರು ಮಾಡಿದ್ರೆ ನಿಲ್ಲಿಸ್ತಿರ್ಲಿಲ್ಲ. ಆ ಇಂಜಿನ್ನಿನ ಸೀಟಿಯೂ ಹಾಗೇ, ನಿಲ್ತು ಅಂದ್ಕೊಂಡ ಮೇಲೂ ಕೊನೇಲಿ ಒಂದು ‘ಹುಂ’.

ಆಫೀಸರಮ್ಮ ಹಳೇ ಪುಸ್ತಕ ತರಿಸಿದ್ಲು. ಯಾವ ದಿನ ಯಾವ ಇಂಜಿನ್ನು ನಾಲ್ಕು ಹತ್ತರ ಗಾಡಿ ಎಳೀತು ಅಂತ ಅದರಲ್ಲಿ ಇತ್ತು. ತಾರೀಖಿಗೆ ತಾರೀಖು ಹಿಡಿದು ನೋಡಿದ್ಲು. ಒಂದು ತಾಸು ಹಿಡೀತು, ಮಾಸ್ತರು ಬೆಂಚಿನ ಮೇಲೆ ನಿದ್ದೆ ಹೋದ್ರು. ಒಂದೇ ಒಂದು ದಿನವೂ ತಪ್ಪಿರಲಿಲ್ಲ. ಪುಸ್ತಕದಲ್ಲಿ ಒಂದು ನಂಬರು ಬಂದ ದಿನವೆಲ್ಲ ಅಂಚಲ್ಲಿ ಒಂದೇ ಹೆಸರು.

“ಮೇಡಂ, ಆದ್ರೂ ಇವರ ಅವಶ್ಯಕತೆ ಇಲ್ಲ” ಅಂದ ಗುಮಾಸ್ತ. “ಇವತ್ತು ಬೆಳಿಗ್ಗೆ ಫಿಟ್ಟರು ಇಂಜಿನ್ನಿನ ಚಕ್ರದ ಸರಳು ಉಜ್ಜಿದಾಗ ಒಳಗೆ ಹೊಡೆದಿದ್ದ ನಂಬರ್ ಸಿಕ್ಕಿಬಿಟ್ಟಿದೆ. ನನ್ನ ಜೇಬಲ್ಲಿದೆ.”

ನಂಬರಪ್ಪ ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದ. ಕೋಟಿನ ಹೊಸ ಗುಂಡಿ ಒಂದು ಬಿಚ್ಚಿದ. ಅಕ್ಕ ನೆಲ ನೋಡಿದ್ಲು.

ಆಫೀಸರಮ್ಮ ಚೀಟಿ ಇಸ್ಕೊಂಡು ಓದಿ ಮಡಚಿದ್ಲು. “ನೋಟಿಸಲ್ಲಿ ಬರೆದದ್ದು ಬರೆದದ್ದೇ. ಗುರುತಿಸಿದೋರಿಗೆ ಸೀಟಿ. ಫಿಟ್ಟರು ಒಂದು ಸಲ ಸೀಟಿ ಹಾಕಲಿ, ಇವರು ಹೆಸರು ಹೇಳಲಿ. ಈ ಚೀಟಿಗೆ ಹೊಂದಿದ್ರೆ ಹಗ್ಗ ಇವರ ಕೈಗೆ. ತಪ್ಪಿದ್ರೆ ಮನೆಗೆ.”

ಇಂಜಿನ್ನಿನಲ್ಲಿ ಬೆಂಕಿ ಎಲ್ಲಿ ಬರಬೇಕು? ಗಾಳಿ ತುಂಬೋ ಯಂತ್ರದಿಂದ ಪೈಪು ಹಾಕಿದ್ರು. ನಂಬರಪ್ಪನ್ನ ಇಂಜಿನ್ನಿಗೆ ಬೆನ್ನು ಮಾಡಿ ನಿಲ್ಲಿಸಿದ್ರು. ಫಿಟ್ಟರು ಹಗ್ಗ ಎಳೆದ. ಮಾಸ್ತರಿಗೆ ಎಚ್ಚರ ಆಗಿ “ಲೈನ್ ಕ್ಲಿಯರ್” ಅಂದ್ರು. ನಂಬರಪ್ಪನ ಮುಖ ಮಾತ್ರ ಬಿಳಿ ಹಾಳೆ.

“ಗೊತ್ತಾಗಲಿಲ್ಲ” ಅಂದ.

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

“ಇಷ್ಟು ಹತ್ರ ನಿಂತ್ರೆ ಯಾರ ಮಾತೂ ಅರ್ಥ ಆಗಲ್ಲ ಮೇಡಂ. ನಾನು ಕೇಳಿದ್ದು ಹಿತ್ತಲಿಂದ. ಅಲ್ಲಿಂದ ಒಂದು ಸಲ ಕೇಳ್ತೀನಿ.” ಅಕ್ಕನ ಕಡೆ ನೋಡದೇ, “ಅವಳೂ ಬರಬೇಕು. ಗೋಡೆ ಮೇಲೆ” ಅಂದ.

“ನನಗೆ ಅರವತ್ತೇಳು ಕಣೋ.”

“ಸುಳ್ಳು ಹೇಳುವಾಗ ಹತ್ತಿರಲಿಲ್ಲವಾ?”

ಹೊರಟಿತು ಮೆರವಣಿಗೆ. ನಂಬರಪ್ಪ ಮೂರು ಮಾರು ಮುಂದೆ, ತಿರುಗಿಯೂ ನೋಡದೇ. ಹಿಂದೆ ಆಫೀಸರಮ್ಮ, ಅಕ್ಕ, ಹೆಂಡತಿ. ಅದರ ಹಿಂದೆ ಮಾಸ್ತರೂ ಗುಮಾಸ್ತನೂ ಬೆಂಚು ಹೊತ್ತುಕೊಂಡು, ಯಾಕಂದ್ರೆ ಗೋಡೆ ಹತ್ತೋಕೆ ಏನಾದ್ರೂ ಬೇಕಲ್ಲ. ಎರಡನೇ ದರ್ಜೆ ಪ್ರಯಾಣಿಕರ ಬೆಂಚು ಅಷ್ಟು ಗೌರವವಾಗಿ ಯಾವತ್ತೂ ಪ್ರಯಾಣ ಮಾಡಿರಲಿಲ್ಲ. ಮೂರು ಜನ ಕೆಳಗಿಂದ ನೂಕಿ ಒಬ್ಬಳು ಮೇಲಿಂದ “ಅಯ್ಯೋ ನನ್ನ ಸೊಂಟ” ಅಂದಾಗ ನಾನು… ಅಲ್ಲ, ಆ ಅಕ್ಕ, ಗೋಡೆ ಮೇಲೆ ಕೂತ್ಲು. ಬಾಯಿ ತಪ್ಪಿತು, ಮುಂದಿನದು ಕೇಳಿ.

ನಂಬರಪ್ಪ ಕೆಳಗೆ ಹಳೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತ. ಕನ್ನಡಕ ತೆಗೆದು ಜೇಬಿಗೆ ಹಾಕಿದ. ಮೊಣಕಾಲ ಮೇಲೆ ನೋಟ್‌ಬುಕ್. ದೂರದಲ್ಲಿ ಫಿಟ್ಟರಿಗೆ ಟವೆಲ್ ಬೀಸಿ ಸನ್ನೆ ಮಾಡಿದ್ರು.

ಸೀಟಿ ಬಂತು. ಮನೆಗಳ ಮೇಲೆ ಹಾದು, ತಿರುವಿಗೆ ಬಡಿದು, ಗೋಡೆ ಹತ್ತಿ ಇಳೀತು. ನಿಲ್ತು. ನಿಂತ ಮೇಲೆ, ಕೊನೇಲಿ, ಒಂದು ಸಣ್ಣ ‘ಹುಂ’.

ನಂಬರಪ್ಪ ಏಳಲಿಲ್ಲ. “ಅತ್ತೆ” ಅಂದ. ಮನೆಗೆ ನೆಂಟರು ಬಂದ್ರು ಅನ್ನೋ ಹಾಗೆ.

ಆಫೀಸರಮ್ಮ ಚೀಟಿ ಬಿಚ್ಚಿದ್ಲು. ಅದರಲ್ಲಿದ್ದ ನಂಬರು ಅತ್ತೆ ಬಂದ ದಿನಗಳ ನಂಬರೇ. ಅವಳು ಚೀಟೀನ ಗುಮಾಸ್ತನ ಕೈಗೆ ಕೊಟ್ಟು, “ಇದನ್ನ ಇಂಜಿನ್ನಿನ ಹಣೆ ಮೇಲೆ ಬರೆಸಿ, ದೊಡ್ಡದಾಗಿ. ಆ ‘ಕಾಣೆ’ ಕಾಗದ ಹರಿದುಹಾಕಿ. ಬೆಂಚು ಇಲ್ಲೇ ಇರಲಿ, ಹತ್ತೋಕೆ ಬೇಕಾಗುತ್ತೆ” ಅಂದ್ಲು. ಮಾಸ್ತರು ಬೆಂಚಿನ ಮೇಲೆ ಕೂತು ಅತ್ತರು. ಸಂತೋಷಕ್ಕೋ, ಬೆಂಚು ಪಕ್ಕದ ಮನೆ ಪಾಲಾಯ್ತು ಅಂತಲೋ ಗೊತ್ತಿಲ್ಲ.

ನಾಲ್ಕು ಹತ್ತಕ್ಕೆ ಸರಿಯಾಗಿ ನಂಬರಪ್ಪ ಹಗ್ಗ ಎಳೆದ. ಎಳೆದದ್ದು ಬಿಡಲೇ ಇಲ್ಲ. ಊರ ನಾಯಿಗಳೆಲ್ಲ ಬೊಗಳಿದ್ವು, ಮಾವನ ಮನೇಲಿದ್ದ ಗುಜರಿಯವನಿಗೂ ಕೇಳಿಸಿ ಮಂಚದ ಕೆಳಗೆ ಹೋದನಂತೆ. ಯಂತ್ರದ ಗಾಳಿ ಖಾಲಿ ಆಗೋವರೆಗೂ ಅತ್ತೆ ಮಾತಾಡಿದ್ಲು. ಆಮೇಲೆ ‘ಹುಂ’ ಅಂದ್ಲು.

ನಂಬರಪ್ಪ ಕೆಳಗಿಳಿದು, ಮುಖ ಒರೆಸ್ಕೊಂಡು, ನೋಟ್‌ಬುಕ್ ತೆಗೆದ. ಕೊನೇ ಪುಟದಲ್ಲಿ ಒಂದು ಸಾಲು ಖಾಲಿ ಇತ್ತು. ತಾರೀಖು ಬರೆದ. ಅಂಚಲ್ಲಿ ‘ಅತ್ತೆ’ ಅಂತ ಬರೆದ. ನಡುವೆ ಜಾಗ ಬಿಟ್ಟ. ಕಣ್ಣಿಗೆ ಕನ್ನಡಕ ಇತ್ತು, ಎದುರಿಗೇ ಇಂಜಿನ್ನಿನ ಹಣೆ ಮೇಲೆ ಮೊಳದುದ್ದ ಅಂಕಿ, ಬಣ್ಣ ಇನ್ನೂ ಹಸಿ. ಅವನು ತಲೆ ಎತ್ತಲಿಲ್ಲ. ವಿಚಾರಣೆ ಆದಾಗಿಂದ ಅಕ್ಕನ ಮುಖ ನೋಡದೇ ಇದ್ದೋನು, ಪೆನ್ಸಿಲ್ ನಾಲಿಗೆಗೆ ತಾಗಿಸ್ಕೊಂಡು, “ಅಕ್ಕ, ನಂಬರ್ ಹೇಳು” ಅಂದ.

ಅಕ್ಕ ಇಂಜಿನ್ನಿನ ಕಡೆ ನೋಡಿದ್ಲು. ಈ ಸಲ ಅದು ಓಡ್ತಾ ಇರಲಿಲ್ಲ. ಬೆರಳಿಟ್ಟು ಓದೋಕೆ ಬೇಕಾದಷ್ಟು ಹೊತ್ತು ಇತ್ತು, ಒಂದೊಂದೇ ಅಂಕಿ ಓದಿದ್ಲು ಕೂಡ. ಅದರ ಹಿಂದೆ ರೈಲ್ವೆ ಮನೆಗಳು, ಅಂಗಳದಲ್ಲಿ ಹಗ್ಗ. ಹಗ್ಗದ ಮೇಲೆ ನಾಲ್ಕು ಅಂಗಿ, ಒಂದು ಟವೆಲ್ಲು, ಆರು ಹೊದಿಕೆ.

ಅವಳು ಒಂದು ನಂಬರ್ ಹೇಳಿದ್ಲು. ಅವನು ಬರೆದುಕೊಂಡ. ಬರೆದು, ಇಂಜಿನ್ನು ನೋಡಿ, ಹಗ್ಗ ನೋಡಿ, ಅಕ್ಕನ್ನ ನೋಡಿ, ಹೊಟ್ಟೆ ಹಿಡ್ಕೊಂಡು ನಕ್ಕ. ನೋಟ್‌ಬುಕ್ ಈಗಲೂ ಅಂಗಡಿ ಗಾಜಿನ ಪೆಟ್ಟಿಗೇಲಿದೆ, ಹೋಗಿ ನೋಡಬಹುದು. ಆದ್ರೆ ನೋಡೋಕೆ ಮೊದಲು, ಇಷ್ಟು ಹೊತ್ತು ಕೂತು ಕೇಳಿದ್ರಲ್ಲ, ನೀವೇ ಹೇಳಿ. ಯಾವ ನಂಬರ್ ಹೇಳಿದ್ಲು?